ಹಾಂಗ್‌ಕಾಂಗ್‌ನಲ್ಲಿ ಯಾರನ್ನೂ ‘ಯೂ ಫಾ’ ಎಂದು ಹೊಗಳಬೇಡಿ

ಹಾಂಗ್‌ಕಾಂಗ್‌ಗೆ ಬಂದ ವಾರದಲ್ಲೇ ಸಹೋದ್ಯೋಗಿಯೊಬ್ಬರ ಮದುವೆಯ ಔತಣವಿದೆ, ಮದುಮಗಳನ್ನು ಹೊಗಳಲು ಇಲ್ಲಿನ ಆಡುಭಾಷೆ ಕ್ಯಾಂಟೊನೀಸ್‌ನ ‘ಯೂ ಫಾ’ ಎಂಬ ಮಾತನ್ನು ಪುಸ್ತಕದಿಂದ ಕಲಿತಿದ್ದೇನೆ, ಬಳಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಪುಸ್ತಕ ಸುಳ್ಳು ಹೇಳಿಲ್ಲ. ‘ಫಾ’ ಎಂದರೆ ಹೂವು, ‘ಯೂ ಫಾ’ ಎಂದರೆ ಹೂವಿನಂತೆ. ಹಳೆಯ ಚೀನೀ ಬರಹಗಳಲ್ಲಿ ರೂಪವತಿಯನ್ನು ಹೀಗೆಯೇ ಬಣ್ಣಿಸುತ್ತಾರೆ. 1980ರ ದಶಕದ ಕೊನೆಯಲ್ಲಿ ಹಾಂಗ್‌ಕಾಂಗ್‌ನ ನಟಿ ಅನಿಟಾ ಮುಯ್ ಸಿನಿಮಾವೊಂದರಲ್ಲಿ ಈ ಹೆಸರಿನ ಗಣಿಕೆಯ ಪಾತ್ರ ಮಾಡಿದಾಗಲೂ ಅದಕ್ಕೆ ಸೊಬಗಿತ್ತು. 1990ರ ದಶಕದಲ್ಲಿ ಇಲ್ಲಿನ ನಟ ಸ್ಟೀಫನ್ ಚೌ ಅವರ ಹಾಸ್ಯಚಿತ್ರಗಳು ಬಂದವು. ಹೆಣ್ಣಿನ ಉಡುಪು ತೊಟ್ಟು, ಕುರುಚಲು ಗಡ್ಡ ಬಿಟ್ಟು, ಮೂಗಿನಲ್ಲಿ ಬೆರಳಿಟ್ಟುಕೊಂಡು ನಿಲ್ಲುವ ಗಂಡಸಿಗೆ ಅವುಗಳಲ್ಲಿ ಇದೇ ಹೆಸರು. ಅಂದಿನಿಂದ ಇಲ್ಲಿ ‘ಯೂ ಫಾ’ ಎಂದರೆ ಕುರೂಪಿ ಹೆಂಗಸು. ಹೆಣ್ಣಿನ ಮುಖವನ್ನು ಆಡಿಕೊಳ್ಳಲು ಅಷ್ಟು ಚೆಂದದ ಮಾತು ಬಲಿಯಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಮದುವೆಯಲ್ಲಿ ‘ಸನ್ ನ್ಯೋಂಗ್ ಹೋ ಲೆಂಗ್’ ಎನ್ನಿ. ಮದುಮಗಳು ತುಂಬಾ ಚೆನ್ನಾಗಿದ್ದಾಳೆ ಎಂದರ್ಥ. ‘ಲೆಂಗ್’ ಅನ್ನು ನಡುದನಿಯಲ್ಲಿ, ಏರಿಸದೆ ಇಳಿಸದೆ ಹೇಳಬೇಕು. ಗಂಡಸರನ್ನು ಸುಂದರಾಂಗ ಎನ್ನಲು ‘ಲೆಂಗ್ ಜಾಯ್’ ಎನ್ನುತ್ತಾರೆ. ಅದರಲ್ಲೇ ‘ಲೆಂಗ್’ ಅನ್ನು ಎತ್ತರದ ದನಿಯಲ್ಲಿ ಹೇಳಿದರೆ ಪುಂಡ ಪೋರ ಎಂದಾಗುತ್ತದೆ. ಮಾರುಕಟ್ಟೆಯಲ್ಲಿ ತರಕಾರಿಯವರು ಹೆಂಗಸರನ್ನೆಲ್ಲ ‘ಲೆಂಗ್ ನೊಯ್’, ಅಂದರೆ ಚೆಲುವೆ, ಎಂದೇ ಕರೆಯುತ್ತಾರೆ. ಅದು ನಮ್ಮ ‘ಬನ್ನಿ ಅಕ್ಕಾ’ ಇದ್ದ ಹಾಗೆ, ಯಾರೂ ಮುಜುಗರಪಡಬೇಕಾಗಿಲ್ಲ.

ಹಾಗೆಂದು ‘ಫಾ’ ಪೂರ್ತಿ ಕೆಟ್ಟುಹೋಗಿಲ್ಲ. ಶಾಲೆಯ ಅತಿ ಚೆಲುವೆ ‘ಹಾವ್ ಫಾ’, ಶಾಲೆಯ ಹೂವು. ಕ್ಯಾಂಟೊನೀಸ್ ಸಂಗೀತ ನಾಟಕದ ನಾಯಕಿಯ ಪಾತ್ರ ‘ಫಾ ದಾನ್’. ಯುನೆಸ್ಕೊ 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಕಲೆಯನ್ನು ಒಮ್ಮೆಯಾದರೂ ನೋಡಿ. ಆದರೆ ‘ಫಾ ಸಮ್’, ಹೂವಿನ ಹೃದಯ, ಎಂದರೆ ಒಬ್ಬಳಲ್ಲಿ ಮನಸ್ಸು ನಿಲ್ಲದ ಗಂಡಸು!

ನಿಜವಾದ ಹೂವಿನ ವಿಷಯದಲ್ಲೂ ಎಚ್ಚರ ಬೇಕು. ನಮ್ಮಲ್ಲಿ ದೇವರಿಗೆ ಏರಿಸುವ ಬಿಳಿ, ಹಳದಿ ಸೇವಂತಿಗೆಯನ್ನು ಇಲ್ಲಿ ಶವಸಂಸ್ಕಾರಕ್ಕೆ, ಚಿಂಗ್ ಮಿಂಗ್ ಹಬ್ಬದಲ್ಲಿ ಹಿರಿಯರ ಸಮಾಧಿಗೆ ಒಯ್ಯುತ್ತಾರೆ. ಪ್ರಿನ್ಸ್ ಎಡ್ವರ್ಡ್ ನಿಲ್ದಾಣದ ಬಳಿಯ ಹೂವಿನ ಮಾರುಕಟ್ಟೆಗೆ ಮನೆಯ ಪೂಜೆಗೆಂದು ಧಾರಾಳವಾಗಿ ಹೋಗಿ. ಮದುವೆಗೆ ಮಾತ್ರ ಹೂಗುಚ್ಛ ಬೇಡ, ಕೆಂಪು ಲಕೋಟೆಯಲ್ಲಿ ಹಣವಿಟ್ಟು ಬಾಗಿಲ ಬಳಿಯ ಮೇಜಿನಲ್ಲಿ ಕೊಡಿ.