ರ‍್ಯಾಂಪ್ ನೋಡುವಾಗ ಕಾಲಿನ ಕಡೆಗೂ ಕಣ್ಣಿರಲಿ

ಫ್ಯಾಶನ್ ವೀಕ್‌ನ ಕಲೆಕ್ಷನ್‌ಗಳನ್ನು ಹೇಗೆ ನೋಡಬೇಕು, ಯಾವುದು ನಿಜವಾದ ಟ್ರೆಂಡ್ ಅಂತ ತಿಳಿಯೋದು ಹೇಗೆ, ಕಾಲೇಜಿನ ಪತ್ರಿಕೆಗೆ ವಿಮರ್ಶೆ ಬರೀಬೇಕು ಅಂತ ಕೇಳಿದ್ದೀರಿ. ನಾನು ಬೆಳಗಾವಿಯ ಶಹಾಪುರದಲ್ಲಿ ಹೊಲಿಗೆ ಕೆಲಸ ಮಾಡುವವಳು, ಪ್ರತಿ ಸೀಸನ್‌ನ ಶೋಗಳನ್ನು ತಪ್ಪದೆ ನೋಡುತ್ತೇನೆ. ಎದುರಿಗೆ ಕಾಣುವ ವಸ್ತು ಯಾರ ಕೈಕೆಲಸ ಅಂತ ಗುರುತಿಸಿ ಹೆಸರು ಹಿಡಿದು ಹೇಳುವುದೇ ವಿಮರ್ಶಕರ ಮೊದಲ ಕೆಲಸ ಅನ್ನೋದು ನನ್ನ ಅಭಿಪ್ರಾಯ.

2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾ 2026ರ ಬೇಸಿಗೆಯ ಗಂಡಸರ ಉಡುಪು ತೋರಿಸಿತು. ಅಂಗಡಿಗೆ ಬರುವ ಎಷ್ಟೋ ತಿಂಗಳ ಮೊದಲೇ ಶೋ ಆಗುವುದು ಅಲ್ಲಿಯ ಪದ್ಧತಿ. ಗಿಡ್ಡ ಚಡ್ಡಿ, ನಾರಿನ ಟೋಪಿ, ಟ್ರ್ಯಾಕ್‌ಸೂಟ್ ಎಲ್ಲ ಇತ್ತು. ಕಾಲಲ್ಲಿ ಇದ್ದದ್ದು ಮಾತ್ರ ನಮ್ಮ ಕೊಲ್ಹಾಪುರಿ ಚಪ್ಪಲಿ! ಅದನ್ನು ಅವರು ಬರೀ ‘ಚರ್ಮದ ಸ್ಯಾಂಡಲ್’ ಅಂದಿದ್ದರು. ಇಲ್ಲಿ ಗದ್ದಲ ಎದ್ದ ಮೇಲೆ ಭಾರತದ ಕರಕುಶಲದಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡರು.

ಹೆಸರು ಕೊಲ್ಹಾಪುರದ್ದಾದರೂ 2019ರ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ನಮ್ಮ ಅಥಣಿ, ನಿಪ್ಪಾಣಿ ಕಡೆ ಮನೆಮನೆಯಲ್ಲಿ ಈ ಕೆಲಸ ನಡೆಯುತ್ತದೆ. ಒಂದು ಜೋಡಿ ಕೈಗೆತ್ತಿಕೊಂಡು ನೋಡಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಅಟ್ಟೆಯ ಪದರಗಳನ್ನು ಚರ್ಮದ ದಾರದಿಂದಲೇ ಹೊಲಿದಿರುತ್ತಾರೆ, ಮೊಳೆ ಹೊಡೆಯುವುದಿಲ್ಲ. ಪಕ್ಕದಲ್ಲಿ ಕಿವಿ, ಮುಂದೆ ಹೆಬ್ಬೆರಳು ತೂರುವ ಉಂಗುಟ, ಮೇಲಿನ ಪಟ್ಟಿಯ ಮೇಲೆ ಸಣ್ಣ ಹೆಣಿಗೆ. ಆ ಹೆಣಿಗೆ ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ಇಷ್ಟು ಗೊತ್ತಿದ್ದವರು ಮಿಲಾನ್ ಶೋ ನೋಡಿದ್ದರೆ ಅಂದೇ ಹೆಸರು ಬರೆಯುತ್ತಿದ್ದರು. 2025ರ ಡಿಸೆಂಬರ್‌ನಲ್ಲಿ ಪ್ರಾಡಾ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಚರ್ಮ ಕೈಗಾರಿಕಾ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೋಡಿ ಮಾಡಿಸುವುದಾಗಿ ಹೇಳಿತು. ಜೋಡಿಗೆ ಸುಮಾರು 800 ಯೂರೋ ಅಂದಿತ್ತು. ಅದರಲ್ಲಿ ಹೆಣೆಯುವವರ ಕೈಗೆ ಎಷ್ಟು ಬರುತ್ತದೆ ಅನ್ನುವುದನ್ನು ಕೇಳುವುದೂ ವಿಮರ್ಶೆಯೇ.

ಟ್ರೆಂಡ್ ವಿಷಯಕ್ಕೆ ಬಂದರೆ, ಒಬ್ಬರೇ ಡಿಸೈನರ್ ಮಾಡಿದ್ದು ಅವರ ರುಚಿ ಅಷ್ಟೇ. ಅದೇ ಆಕಾರ ಬೇರೆ ಬೇರೆಯವರಲ್ಲಿ ಕಂಡು, ಮುಂದಿನ ಸೀಸನ್‌ಗೂ ಉಳಿದರೆ ಆಗ ಟ್ರೆಂಡ್ ಅನ್ನಿ. ಬಣ್ಣಕ್ಕೆ ಮಾತ್ರ ಬೇಗ ಮರುಳಾಗಬೇಡಿ. ನೂಲು, ಬಟ್ಟೆಯ ಮೇಳಗಳಲ್ಲಿ ಮುಂದಿನ ಸೀಸನ್‌ಗಳ ಬಣ್ಣ ಮೊದಲೇ ಗೊತ್ತಾಗಿರುತ್ತದೆ, ಎಲ್ಲರೂ ಒಂದೇ ಛಾಯೆ ತಂದರೆ ಆಶ್ಚರ್ಯವಿಲ್ಲ.

ವಿಡಿಯೋವನ್ನು ಅರ್ಧ ವೇಗದಲ್ಲಿ ನೋಡಿ. ಮಾಡೆಲ್ ತಿರುಗುವಾಗ ಬೆನ್ನು, ತೋಳಿನ ಜೋಡಣೆ, ಬಟ್ಟೆಯ ಬೀಳು ಕಾಣುತ್ತವೆ, ಎದುರಿನ ಫೋಟೋದಲ್ಲಿ ಇವು ಸಿಗುವುದಿಲ್ಲ.

ಮೊದಲ ವಿಮರ್ಶೆಗೆ ಡಿಸೈನರ್ ವೈಶಾಲಿ ಶಡಂಗುಳೆ ಅವರ ಶೋ ಆರಿಸಿಕೊಳ್ಳಿ. 2021ರಲ್ಲಿ ಪ್ಯಾರಿಸ್ ಕೂಟೂರ್ (ಕೈಹೊಲಿಗೆಯ ದುಬಾರಿ ಉಡುಪು) ವೀಕ್‌ನಲ್ಲಿ ತೋರಿಸಿದ ಅವರು ಖಣದ ಬಟ್ಟೆಯನ್ನು ಬಹಳ ಕಾಲದಿಂದ ಬಳಸುತ್ತಾ ಬಂದಿದ್ದಾರೆ. ನೋಡುವ ಮೊದಲು ಒಂದು ಗುಳೇದಗುಡ್ಡ ಖಣ ತಂದು ಬಿಚ್ಚಿ ಹರಡಿ. ಕುಪ್ಪಸಕ್ಕೆ ಅಂತಲೇ ನೇಯ್ದದ್ದು, ಪನ್ನಾ (ಅಗಲ) ಕಿರಿದು, ಬಟ್ಟೆ ತುಸು ಬಿರುಸು, ಮೈತುಂಬ ತೇರು, ಆನೆಹೆಜ್ಜೆಯಂಥ ಸಣ್ಣ ಚಿತ್ತಾರ. ಇಂಥದ್ದರಲ್ಲಿ ನೆಲ ಮುಟ್ಟುವ ಗೌನ್ ಮಾಡಬೇಕೆಂದರೆ ಜೋಡಣೆ ಎಲ್ಲಿ ಕೊಡಬೇಕು, ಚಿತ್ತಾರ ಎಲ್ಲಿ ತುಂಡಾಗುತ್ತದೆ? ಆ ಪ್ರಶ್ನೆ ಇಟ್ಟುಕೊಂಡು ಶೋ ನೋಡಿ, ಕಂಡದ್ದನ್ನು ಬರೆಯಿರಿ.