ಹೈಡ್ರೇಂಜಿಯಾ: ಸವರುವುದು ಯಾವಾಗ, ಗೊಬ್ಬರ ಎಷ್ಟು?

ಪ್ರಶ್ನೆ: ಅಗಲ ಎಲೆಯ ಹೈಡ್ರೇಂಜಿಯಾ ಗಿಡವನ್ನು ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ ಮೊಣಕಾಲೆತ್ತರಕ್ಕೆ ಸವರಿ, ಬುಡಕ್ಕೆ ಯೂರಿಯಾ ಹಾಕುತ್ತೇವೆ. ಎಲೆಗಳು ಸೊಂಪಾಗಿ ಬರುತ್ತವೆ, ಹೂವು ಮಾತ್ರ ಬಿಡುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಗಿಡಕ್ಕೆ ರೋಗವಿದ್ದಂತಿಲ್ಲ, ಹೂವು ಹೋಗುತ್ತಿರುವುದು ಕತ್ತರಿಯ ಬಾಯಿಗೆ. ಅಗಲ ಎಲೆಯ ಜಾತಿ, ಅಂದರೆ ಮ್ಯಾಕ್ರೋಫಿಲ್ಲಾ, ಮುಂದಿನ ವರ್ಷದ ಹೂಮೊಗ್ಗುಗಳನ್ನು ಬೇಸಿಗೆಯ ಕೊನೆಯಿಂದಲೇ ಆ ವರ್ಷ ಬೆಳೆದ ಕಾಂಡಗಳ ತುದಿಯಲ್ಲಿ ಕಟ್ಟಿಕೊಳ್ಳಲು ತೊಡಗುವುದರಿಂದ, ಚಳಿಗಾಲದಲ್ಲಿ ತುದಿ ಸವರಿದರೆ ಮೊಗ್ಗುಗಳೂ ಅದರೊಂದಿಗೇ ಹೋಗುತ್ತವೆ. ಬಾಡಿದ ಹೂಗೊಂಚಲಿನ ಕೆಳಗೆ ಗೆಣ್ಣಿನ ಎರಡೂ ಬದಿಯಲ್ಲಿ ಎದುರುಬದುರಾಗಿ ಉಬ್ಬಿದ ದಪ್ಪ ಮೊಗ್ಗುಗಳು ಕಾಣುತ್ತವೆ. ಆ ಜೋಡಿಯ ತುಸು ಮೇಲೆ ಕತ್ತರಿಸಿದರೆ ಸಾಕು. ಒಣಗಿದ ಮತ್ತು ತೀರಾ ಮುದಿಯಾದ ಕೆಲವು ಕಾಂಡಗಳನ್ನಷ್ಟೇ ಬುಡದಿಂದ ತೆಗೆಯಿರಿ. ಒಂದೇ ವರ್ಷದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಪ್ಯಾನಿಕ್ಯುಲೇಟಾ, ಆರ್ಬೊರೆಸೆನ್ಸ್ ಜಾತಿಗಳು ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಅವುಗಳಿಗೆ ಚಳಿಗಾಲದ ಕೊನೆಯ ಸವರುವಿಕೆ ಸರಿಯೇ; ಬಹುಶಃ ಆ ಸಲಹೆಯೇ ನಿಮ್ಮ ಗಿಡಕ್ಕೂ ಅನ್ವಯವಾಗಿಬಿಟ್ಟಿದೆ.

ಯೂರಿಯಾ ನಿಲ್ಲಿಸಿ. ಸಾರಜನಕ ಹೆಚ್ಚಾದಷ್ಟೂ ಗಿಡ ಎಲೆಯ ಕಡೆಗೇ ವಾಲುತ್ತದೆ. ವಸಂತದಲ್ಲಿ ಹೊಸ ಚಿಗುರು ಮೂಡುವಾಗ ಒಮ್ಮೆ ನಿಧಾನವಾಗಿ ಕರಗುವ ಸಮತೋಲನದ ಗೊಬ್ಬರವನ್ನು ಹಾಕಿ, ಬುಡದ ಸುತ್ತ ಕಾಂಡಕ್ಕೆ ತಾಗದಂತೆ ಎರಡು ಅಂಗುಲ ಕಾಂಪೋಸ್ಟ್ ಹರಡಿ. ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಇರುವುದರಿಂದ ಗೊಬ್ಬರ ಬೆರೆಸಲೆಂದು ಬುಡವನ್ನು ಅಗೆಯಬಾರದು. ಬೇಸಿಗೆಯ ಕೊನೆಗೆ ಗೊಬ್ಬರ ಪೂರ್ತಿ ನಿಲ್ಲಲಿ, ಏಕೆಂದರೆ ಆಮೇಲೆ ಹುಟ್ಟುವ ಎಳೆಚಿಗುರು ಬಲಿಯುವ ಮುನ್ನವೇ ಚಳಿಗೆ ಸಿಕ್ಕಿ ಕಪ್ಪಾಗುತ್ತದೆ.

ಪ್ರಶ್ನೆ: ಗುಲಾಬಿ ಬಣ್ಣದ ಹೂವನ್ನು ಗೊಬ್ಬರದಿಂದ ನೀಲಿ ಮಾಡಬಹುದೇ?

ಉತ್ತರ: ಮ್ಯಾಕ್ರೋಫಿಲ್ಲಾದ ಬಣ್ಣದ ತಳಿಗಳಲ್ಲಿ ಸಾಧ್ಯ. ಮಣ್ಣಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿದ್ದರೆ ಅಲ್ಯುಮಿನಿಯಂ ಕರಗಿ ಬೇರಿಗೆ ದಕ್ಕುತ್ತದೆ, ಹೂವು ನೀಲಿಯಾಗುತ್ತದೆ. ಅಲ್ಯುಮಿನಿಯಂ ಸಲ್ಫೇಟ್ ಬಳಸುವುದಾದರೆ ಪೊಟ್ಟಣದಲ್ಲಿ ಹೇಳಿದ ಪ್ರಮಾಣ ಮೀರದಂತೆ, ತೇವದ ಮಣ್ಣಿಗೆ ನೀರಿನಲ್ಲಿ ಕರಗಿಸಿ ಕೊಡಿ. ಅತಿಯಾದರೆ ಬೇರು ಸುಡುತ್ತದೆ. ರಂಜಕ ಹೆಚ್ಚಿರುವ ಗೊಬ್ಬರವು ಅಲ್ಯುಮಿನಿಯಂ ಅನ್ನು ಕಟ್ಟಿಹಾಕುವುದರಿಂದ ಮೂಳೆಪುಡಿಯನ್ನು ದೂರವಿಡಿ. ಬಣ್ಣ ತಿರುಗಲು ಒಂದು ಹೂಋತುವಾದರೂ ಬೇಕು. ಬಿಳಿ ಹೂವಿನ ತಳಿಗಳು ಮಾತ್ರ ಇದಾವುದಕ್ಕೂ ಜಗ್ಗುವುದಿಲ್ಲ.