ಆ ಮೈನ್ ನಿಮ್ಮ ಲೇಖನದಲ್ಲಿ ಯಾಕಿಲ್ಲ?

ನಮಸ್ಕಾರ.

ನೀವು ಕಳಿಸಿದ ‘ಸಾಗರದಾಳದ ಸಿಂಹ’ ಲೇಖನವನ್ನು ಎರಡು ಸಲ ಓದಿದೆ. ಬ್ರಿಟಿಷ್ ಸಬ್‌ಮರೀನ್ ಅಧಿಕಾರಿ ಮಾರ್ಟಿನ್ ನಾಸ್ಮಿತ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನಿಸಿದ್ದೇ ನನಗೆ ಖುಷಿ ಕೊಟ್ಟಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1883ರಲ್ಲಿ ಹುಟ್ಟಿದ, ನೌಕಾಪಡೆ ಸೇರಿದ, 1915ರಲ್ಲಿ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು, 1932ರಲ್ಲಿ ಈಸ್ಟ್ ಇಂಡೀಸ್ ನೌಕಾವಲಯದ ಮುಖ್ಯಸ್ಥನಾದ, ಆಮೇಲೆ ಅಡ್ಮಿರಲ್ ಆದ, 1965ರಲ್ಲಿ ತೀರಿಕೊಂಡ. ನಿಮ್ಮ ಲೇಖನದಲ್ಲಿರುವುದು ಇಷ್ಟು. ಇಸವಿಗಳೆಲ್ಲ ಸರಿ ಇವೆ. ಆದರೆ ಈ ಮನುಷ್ಯ ಎಂಥವನು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಸರ್ವಿಸ್ ರಿಜಿಸ್ಟರ್ ತಿರುವಿ ಹಾಕಿದ ಹಾಗಾಯಿತು.

ಒಂದು ಘಟನೆಯನ್ನು ನೀವು ಪೂರ್ತಿ ಬಿಟ್ಟಿದ್ದೀರಿ. 1905ರ ಅಕ್ಟೋಬರ್. ನಾಸ್ಮಿತ್‌ಗೆ 22 ವರ್ಷ. ಎ4 ಎಂಬ ಪುಟ್ಟ ಸಬ್‌ಮರೀನ್ ಆತನ ಕೈಯಲ್ಲಿತ್ತು. ನೀರಿನೊಳಗೆ ಗಂಟೆ ಬಾರಿಸಿ ಸಂದೇಶ ಮುಟ್ಟಿಸಬಹುದೇ ಎಂಬ ಪ್ರಯೋಗ ನಡೆಯುತ್ತಿತ್ತು. ಗಾಳಿಯ ಕೊಳವೆ ತೆರೆದೇ ಇತ್ತು. ಅದರೊಳಗೆ ನೀರು ನುಗ್ಗಿ ದೋಣಿ ತಳದ ಕಡೆ ಇಳಿಯತೊಡಗಿತು. ಸಮುದ್ರದ ನೀರು ಬ್ಯಾಟರಿಗೆ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಉಸಿರು ಕಟ್ಟಿ ಸಾಯುವುದೇ. ಅಂಥ ಹೊತ್ತಲ್ಲೂ ದೋಣಿಯನ್ನು ಮೇಲೆ ತಂದ. ಎಲ್ಲರೂ ಬದುಕಿದರು. ಆಮೇಲೆ ಆತ ಕೋರ್ಟ್ ಮಾರ್ಷಲ್, ಅಂದರೆ ಸೇನಾ ವಿಚಾರಣೆ, ಎದುರಿಸಬೇಕಾಯಿತು. ನಾಯಕನ ಕಥೆಗೆ ಇದು ಕಪ್ಪುಚುಕ್ಕೆ ಅಂತ ಬಿಟ್ಟಿರಾ? ನನ್ನನ್ನು ಕೇಳಿದರೆ ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಈಗ ಡಾರ್ಡನೆಲ್ಸ್ ಭಾಗ. ‘ಶತ್ರುಗಳ ಎದೆ ನಡುಗಿತು’ ಅಂತ ಮೂರು ಕಡೆ ಬರೆದಿದ್ದೀರಿ. ಆದರೆ ಅಲ್ಲಿಗೆ ಹೋಗುವುದು ಎಷ್ಟು ಕಷ್ಟ ಅಂತ ಒಂದು ಮಾತೂ ಇಲ್ಲ. ಅದು ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಶತ್ರುವಾಗಿದ್ದ ತುರ್ಕಿಯ, ಸುಮಾರು 60 ಕಿಲೋಮೀಟರ್ ಉದ್ದದ ಜಲಸಂಧಿ. ಇಕ್ಕಟ್ಟಾದ ಕಡೆ ಅಗಲ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದಡದಲ್ಲಿ ಕೋಟೆಗಳು, ನೀರಲ್ಲಿ ಸಾಲುಸಾಲು ಮೈನ್‌ಗಳು, ಅಂದರೆ ಹಡಗು ತಾಗಿದರೆ ಸಿಡಿಯುವ ಬಾಂಬ್‌ಗಳು. ಮೇಲಿನ ನೀರು ಮರ್ಮರ ಸಮುದ್ರದಿಂದ ಹೊರಗೆ ಹರಿಯುತ್ತದೆ. ತಳದ ನೀರು ಉಪ್ಪು ಜಾಸ್ತಿ, ಭಾರವೂ ಜಾಸ್ತಿ, ಅದು ಒಳಕ್ಕೆ ಹರಿಯುತ್ತದೆ. ಒಂದು ಪದರಕ್ಕೆ ಹೊಂದಿಸಿದ ತೂಕ ಇನ್ನೊಂದರಲ್ಲಿ ಕೈಕೊಡುತ್ತದೆ. 1915ರ ಏಪ್ರಿಲ್‌ನಲ್ಲಿ ಇ15 ಎಂಬ ಸಬ್‌ಮರೀನ್ ಸೆಳೆತಕ್ಕೆ ಸಿಕ್ಕಿ ದಡಕ್ಕೆ ಬಡಿದು ಸಿಕ್ಕಿಬಿದ್ದಿತ್ತು. ಇಷ್ಟು ಗೊತ್ತಾದ ಮೇಲೆ, ಮೇ 19ರಂದು ನಾಸ್ಮಿತ್ ತನ್ನ ಸಬ್‌ಮರೀನ್ ಇ11 ಹತ್ತಿ ಹೊರಟ ಅಂತ ಹೇಳಿ. ಆಗ ಓದುವವರ ಎದೆ ತಾನಾಗೇ ನಡುಗುತ್ತದೆ.

‘ಟಾರ್ಪೆಡೋಗಳನ್ನು ಮಿತವಾಗಿ ಬಳಸಿದನು’ ಎಂಬುದು ನಿಮ್ಮ ಇನ್ನೊಂದು ಸಾಲು. ನಡೆದದ್ದು ಏನು ಗೊತ್ತಾ? ಟಾರ್ಪೆಡೋ ಅಂದರೆ ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ. ಗುರಿ ತಪ್ಪಿದ ಟಾರ್ಪೆಡೋ ಮುಳುಗಿ ಹೋಗದೆ ತೇಲುವ ಹಾಗೆ ಮೊದಲೇ ಹೊಂದಿಸಿಟ್ಟಿದ್ದ. ಆಮೇಲೆ ಅದನ್ನು ಮತ್ತೆ ಬಳಸಲು ತಾನೇ ನೀರಿಗೆ ಇಳಿದು, ಈಜಿ ಹೋಗಿ, ಅದರ ಮೂತಿಯಲ್ಲಿದ್ದ ಸಿಡಿಸುವ ಸಾಧನವನ್ನು ಕೈಯಾರೆ ಬಿಚ್ಚಿದ. ತಾಗಬಾರದ ಕಡೆ ಏನಾದರೂ ತಾಗಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕೈಕೆಳಗಿನವರನ್ನು ಕಳಿಸಬಹುದಿತ್ತು ಅಲ್ವಾ? ಕಳಿಸಲಿಲ್ಲ. ‘ಧೀರ’ ಅಂತ ನೀವು ಹನ್ನೊಂದು ಸಲ ಬರೆದಿದ್ದೀರಿ, ನಾನು ಎಣಿಸಿದೆ. ಈ ಈಜನ್ನು ಬರೆದರೆ ಆ ಹನ್ನೊಂದನ್ನೂ ಹೊಡೆದು ಹಾಕಬಹುದು.

ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಜೂನ್ 7. ‘ವಿಜಯಿಯಾಗಿ ಹಿಂದಿರುಗಿದನು’ ಅಂತ ಬರೆದು ದಾಟಿಬಿಟ್ಟಿದ್ದೀರಿ. ಆ ದಿನ ವಾಪಸು ಬರುವಾಗ ಇಕ್ಕಟ್ಟಿನ ಜಾಗದಲ್ಲಿ ದೋಣಿಗೆ ಏನೋ ಕರಕರ ಉಜ್ಜಿದ ಸದ್ದು. ನಾಸ್ಮಿತ್ ಪೆರಿಸ್ಕೋಪ್‌ನಲ್ಲಿ, ಅಂದರೆ ನೀರೊಳಗಿದ್ದೇ ಹೊರಗೆ ನೋಡುವ ಕೊಳವೆಯಲ್ಲಿ, ನೋಡಿದ. ಕೆಲವೇ ಅಡಿ ಮುಂದೆ ದೊಡ್ಡ ಮೈನ್! ಅದನ್ನು ಕಟ್ಟಿದ್ದ ವೈರ್ ದೋಣಿಯನ್ನು ಮೇಲೆ ಕೆಳಗೆ ತಿರುಗಿಸುವ ಎಡಗಡೆಯ ರೆಕ್ಕೆಗೆ ಸಿಕ್ಕಿಕೊಂಡಿತ್ತು. ಮೇಲೆ ಹೋಗಿ ಬಿಡಿಸೋಣ ಅಂದರೆ ದಡದಲ್ಲಿ ಫಿರಂಗಿಗಳು. ಆತ ಪೆರಿಸ್ಕೋಪ್ ಇಳಿಸಿದ, ಯಾರಿಗೂ ಹೇಳಲಿಲ್ಲ. ಸುಮಾರು 30 ಜನ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಮೈನನ್ನು ಎಳೆದುಕೊಂಡೇ ದೋಣಿ ಹೊರಗೆ ಬಂತು. ಅಲ್ಲಿ ಹಿಂಭಾಗವನ್ನು ಮೇಲೆತ್ತಿ ಪೂರಾ ವೇಗದಲ್ಲಿ ಹಿಂದಕ್ಕೆ ಸರಿದಾಗ ಅದು ಜಾರಿ ಬಿತ್ತು. ಎ4ರೊಳಗೆ ನೀರು ನುಗ್ಗಿದಾಗ ತಲೆ ಕೆಡಿಸಿಕೊಳ್ಳದ ಹುಡುಗ ಹತ್ತು ವರ್ಷದ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ನಿಮ್ಮ ಲೇಖನದ ಎರಡು ತುದಿ ಇಲ್ಲಿವೆ.

ಒಂದು ತಪ್ಪು ತಿದ್ದಬೇಕು. ಆಗಸ್ಟ್‌ನಲ್ಲಿ ಈಜಿ ದಡ ಸೇರಿ ರೈಲು ಹಳಿ ಉಡಾಯಿಸಿದ್ದು ನಾಸ್ಮಿತ್ ಅಲ್ಲ, ಆತನ ಕೈಕೆಳಗಿನ ಅಧಿಕಾರಿ ಗೈ ಡಾಯ್ಲಿ-ಹ್ಯೂಸ್. ಅದೇ ತಿಂಗಳ 8ರಂದು ತುರ್ಕಿಯ ಯುದ್ಧನೌಕೆ ಬಾರ್ಬರೋಸ್ ಹೈರೆದ್ದೀನ್ ಮುಳುಗಿದ್ದನ್ನು ‘ಭರ್ಜರಿ ಬೇಟೆ’ ಅಂದಿದ್ದೀರಿ. ಅದರಲ್ಲಿ 200ಕ್ಕೂ ಜಾಸ್ತಿ ಜನ ಸತ್ತರು. ಆ ಮಾತು ದಯವಿಟ್ಟು ತೆಗೆಯಿರಿ.

ಮತ್ತೆ ‘ಪರಿದರ್ಶಕ’ ಬೇಡ, ಪೆರಿಸ್ಕೋಪ್ ಅಂತಲೇ ಇರಲಿ. ಪದಕಗಳಿಗೆ ಒಂದು ಪ್ಯಾರಾ ಸಾಕು.

ತಿದ್ದಿ ಕಳಿಸಿ, ಇದು ನಮಗೆ ಬೇಕಾದ ಲೇಖನ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.